ನೂರಾ ಹದಿನೇಳನೆಯ ಮೊಳೆ

ಫೆಬ್ರವರಿ 20

ಅಕ್ಕ,

ಮೊದಲು ನಿನ್ನ ಸೊಂಟದ ನೋವು ವಿಚಾರಿಸಬೇಕಿತ್ತು. ಈ ಸಲ ನನ್ನ ಸುದ್ದಿಯೇ ಮುಂದೆ ಬಂತು, ಬೈಯಬೇಡ. ಹನ್ನೊಂದನೇ ತಾರೀಕು ನಮ್ಮ ಗಣಿಗೆ ಬೆಂಕಿ ಬಿತ್ತು. ನೀನು ಪೇಪರಿನಲ್ಲಿ ಓದಿರಬಹುದು. ನನಗೆ ಏನೂ ಆಗಿಲ್ಲ. ದೀಪದ ಕೋಣೆ ಗಣಿಯ ಬಾಯಿಂದ ನೂರು ಹೆಜ್ಜೆ ದೂರದಲ್ಲಿದೆ, ಹೊಗೆ ಬಿಟ್ಟರೆ ಬೇರೇನೂ ಅಲ್ಲಿಗೆ ಬರಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕೆಳಗಿಳಿಯುವವನು ನನ್ನ ಹತ್ತಿರ ದೀಪ ಇಸಿದುಕೊಂಡು, ಗೋಡೆಯ ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಮೇಲೆ ಬಂದ ಮೇಲೆ ಅದೇ ಮೊಳೆಗೆ ತೂಗುಹಾಕುತ್ತಾನೆ. ಮೊಳೆ ಬರಿದಾಗಿದ್ದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಲೆಕ್ಕ. ಅವತ್ತು ಮಧ್ಯಾಹ್ನ ನಲವತ್ತಾರು ಜನ ಕೆಳಗಿದ್ದರು. ಕೆಳಗಿನ ಮರದ ಕಂಬಗಳಿಗೆ ಬೆಂಕಿ ಹತ್ತಿತು. ಗಾಳಿ ಹೋಗದಂತೆ ಗಣಿಯ ಬಾಯಿ ಮುಚ್ಚದಿದ್ದರೆ ಬೆಂಕಿ ಸಿಡಿಮದ್ದಿನ ಕೋಣೆಗೆ ತಲುಪುತ್ತಿತ್ತು. ದೊಡ್ಡ ಇಂಜಿನಿಯರ್ ಓಡಿಬಂದು, "ಹಲಗೆ ಪೂರ್ತಿ ಇದೆಯಾ?" ಅಂತ ಕೇಳಿದರು. ಪೂರ್ತಿ ಇತ್ತು. ಇಟ್ಟಿಗೆ, ಜೇಡಿಮಣ್ಣು ಹಾಕಿ ಮುಚ್ಚಿದರು.

ಆದರೆ ಒಬ್ಬ ಮನೆಗೆ ಬರಲೇ ಇಲ್ಲ, ಊರಲ್ಲೂ ಸಿಗಲಿಲ್ಲ, ಒಳಗೇ ಉಳಿದಿದ್ದಾನೆ. ನೂರಾ ಹದಿನೇಳನೇ ನಂಬರಿನವನು, ಎಲ್ಲರೂ ಮರೆಗುಳಿ ಅಂತ ಕರೆಯುವ ಹುಡುಗ. ಇಪ್ಪತ್ತಾರು ವರ್ಷ. ಮೇಲೆ ಬಂದು ಬಿಲ್ಲೆ ಹಾಕಿ, ತಾಮ್ರದ ತಂತಿ ಕದಿಯಲು ಮತ್ತೆ ಇಳಿದಿರಬೇಕು ಅಂತ ಮಾತಾಡುತ್ತಿದ್ದಾರೆ. ಈಗ ಬಾಯಿ ತೆಗೆದರೆ ಗಾಳಿ ನುಗ್ಗಿ ಬೆಂಕಿ ಮತ್ತೆ ಏಳುತ್ತದಂತೆ. ಎಂಟು ತಿಂಗಳು ಹಾಗೇ ಬಿಡಬೇಕಂತೆ.

ಅಕ್ಕ, ದೇವರ ಚಿತ್ತ ನಮಗೆ ತಿಳಿಯುವುದಿಲ್ಲ. ಒಂದು ಎಲೆ ಉದುರಬೇಕಾದರೂ ಅವನ ಅಪ್ಪಣೆ ಬೇಕು. ಅವನು ಕೊಟ್ಟದ್ದನ್ನು ತಲೆಬಾಗಿ ತೆಗೆದುಕೊಳ್ಳುವುದೇ ಭಕ್ತಿ. ಹುಡುಗನ ತಾಯಿ, ನಮ್ಮವರ ಕೆಲಸದ ಬಟ್ಟೆ ಹೊಲಿಯುವ ಹೊಲಿಗೆಯಮ್ಮ, ತೀರಾ ಕಂಗೆಟ್ಟಿದ್ದಾಳೆ. ವಾರಕ್ಕೆ ಎರಡು ಸಲ ಹೋಗಿ ಜೊತೆಗೆ ಪ್ರಾರ್ಥನೆ ಮಾಡಿ ಬರುತ್ತೇನೆ. ತಾಳ್ಮೆ ತಂದುಕೋ ತಂಗಿ, ದೇವರನ್ನು ನಂಬು ಅಂತ ಹೇಳುತ್ತೇನೆ. ನನ್ನನ್ನು ಕಂಡರೆ ಅವಳಿಗೆ ಸ್ವಲ್ಪ ಹಗುರಾಗುತ್ತದೆ.

ನಿನ್ನ ತಮ್ಮ

*

ಮಾರ್ಚ್ 3

ತಮ್ಮ,

ಸೊಂಟ ಮುರಿದ ಜಾಗದಲ್ಲೇ ಇದೆ, ಎಲ್ಲೂ ಹೋಗಿಲ್ಲ. ಮಲಗಿಕೊಂಡೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ದೇವರ ಹತ್ತಿರ ಕಾಲು ಕೊಡು ಅಂದೆ, ಅವನು ಹಾಸಿಗೆಯಲ್ಲೇ ಕಕ್ಕಸಿಗೆ ಇಡುವ ತಟ್ಟೆ ಕೊಟ್ಟ. ನರ್ಸಮ್ಮನಿಗೆ ಹೀಗೆ ಹೇಳಿದರೆ ಅವಳು ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಎಂಟು ತಿಂಗಳಿಂದ ನನ್ನ ಪ್ರಾರ್ಥನೆ ಜಗಳದ ಹಾಗೇ ನಡೆದಿದೆ, ನಿನ್ನಷ್ಟು ವಿನಯ ನನಗಿಲ್ಲ.

ನಿನ್ನ ಪತ್ರ ಮೂರು ಸಲ ಓದಿದೆ. ಮೂವತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಉತ್ತರ ಗೊತ್ತಿದ್ದೂ ಬರೆಯಲು ಹೆದರುವ ಹುಡುಗ ಅಕ್ಕಪಕ್ಕದ್ದೆಲ್ಲ ಬರೆದು ತುಂಬಿಸುತ್ತಾನೆ. ನೀನೂ ಹಾಗೇ ಮಾಡಿದ್ದೀಯ. ಎಲೆ ಉದುರುವ ಕಥೆಯೆಲ್ಲ ಬಂತು. ಆ ಹುಡುಗನ ಬಗ್ಗೆ ನೀನು ಬರೆದದ್ದು ಅವನ ನಂಬರು ಮತ್ತು ವಯಸ್ಸು ಅಷ್ಟೇ.

ಹೋದ ವರ್ಷ ನೀನು ಬರೆದ ಒಂದು ಪತ್ರ ನನ್ನ ದಿಂಬಿನ ಕೆಳಗೇ ಇದೆ. ಒಬ್ಬ ಮರೆಗುಳಿ ಇದ್ದಾನೆ, ವಾರಕ್ಕೆರಡು ಸಲ ಬಿಲ್ಲೆ ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋಗುತ್ತಾನೆ, ಸಿಕ್ಕಿಬಿದ್ದರೆ ಅವನನ್ನು ಕೆಲಸದಿಂದ ತೆಗೆಯುತ್ತಾರೆ, ಪಾಪ ಅಂತ ಅವನ ನಂಬರಿನದೇ ಇನ್ನೊಂದು ಬಿಲ್ಲೆ ಗುಟ್ಟಾಗಿ ಮಾಡಿಸಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ, ಅವನು ಮರೆತ ದಿನ ನಾನೇ ತೂಗುಹಾಕುತ್ತೇನೆ, ನನ್ನ ಕೋಣೆಯಿಂದ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ ಅಂತ ಬರೆದಿದ್ದೆ. ನಿನ್ನ ದೊಡ್ಡಸ್ತಿಕೆ ಓದಿ ನಕ್ಕಿದ್ದೆ.

ಹನ್ನೊಂದನೇ ತಾರೀಕು ಆ ಇನ್ನೊಂದು ಬಿಲ್ಲೆ ಎಲ್ಲಿತ್ತು?

ಅಕ್ಕ

*

ಮಾರ್ಚ್ 30

ಅಕ್ಕ,

ಉತ್ತರ ತಡವಾಯಿತು. ಇಲ್ಲಿ ಕೆಲಸ ಜಾಸ್ತಿ. ಪಕ್ಕದ ಗಣಿಯವರಿಗೂ ಈಗ ನಮ್ಮಲ್ಲಿಂದಲೇ ದೀಪ. ಕೋಣೆಗೆ ಹೊಸದಾಗಿ ಸುಣ್ಣ ಹೊಡೆಸಿದರು. ನನಗೆ ಕೆಮ್ಮು, ಗಾಬರಿಪಡುವಂಥದ್ದೇನಲ್ಲ.

ಹೊಲಿಗೆಯಮ್ಮನಿಗೆ ಕೆಲಸ ನಿಂತುಹೋಗಿದೆ. ಕಳ್ಳನ ತಾಯಿಗೆ ಯಾರು ಬಟ್ಟೆ ಕೊಡುತ್ತಾರೆ ಅಂತ ಮೇಸ್ತ್ರಿಯ ಹೆಂಡತಿ ಬಾಯಿಬಿಟ್ಟೇ ಅಂದಳು. ನಾನು ನನ್ನ ಎರಡು ಅಂಗಿ ಕೊಟ್ಟು ಬಂದೆ. ತುಂಬ ಚೆನ್ನಾಗಿ ಹೊಲಿದಿದ್ದಾಳೆ.

ನಿನಗೆ ಬೇಗ ಗುಣವಾಗಲಿ ಅಂತ ದಿನವೂ ಬೇಡಿಕೊಳ್ಳುತ್ತೇನೆ.

ನಿನ್ನ ತಮ್ಮ

*

ಏಪ್ರಿಲ್ 8

ತಮ್ಮ,

ಕೆಮ್ಮಿಗೆ ಬಿಸಿನೀರು ಕುಡಿ. ನನ್ನ ಪ್ರಶ್ನೆ ಹಾಗೇ ಇದೆ.

ಅಕ್ಕ

*

ಜೂನ್ 17

ಅಕ್ಕ,

ಎರಡು ತಿಂಗಳಲ್ಲಿ ಈ ಕಾಗದ ಎಷ್ಟು ಸಲ ಬರೆದು ಹರಿದೆನೋ.

ಅವತ್ತು ಸೈರನ್ ಕೂಗಿದಾಗ ಜನ ದಿಕ್ಕೆಟ್ಟು ಓಡಿದರು. ದೀಪಗಳನ್ನು ಎಲ್ಲೆಲ್ಲೋ ಬಿಸಾಡಿದ್ದರು, ದೀಪದಿಂದ ಲೆಕ್ಕ ಹಾಕುವ ಹಾಗಿರಲಿಲ್ಲ. ಆರು ಮೊಳೆ ಬರಿದಾಗಿದ್ದವು. ಮನೆಯವರ ಮುಖ ನೋಡಲು ಬಿಲ್ಲೆಯ ಸಮೇತ ಓಡಿರಬೇಕು ಅಂದುಕೊಂಡೆ. ಐದು ಜನ ಏದುಸಿರು ಬಿಡುತ್ತಾ ವಾಪಸ್ಸು ಬಂದು ಹಾಕಿದರು. ಮರೆಗುಳಿ ಬರಲಿಲ್ಲ. ಅವನು ಮರೆಯುವುದು ನನಗೆ ಹೊಸದಾ? ಇಂಜಿನಿಯರ್ ಹೊರಗೆ ನಿಂತು ಕೂಗುತ್ತಿದ್ದರು. ಮೇಸ್ತ್ರಿ ಇಟ್ಟಿಗೆ ಹಿಡಿದು ನಿಂತಿದ್ದ. ಒಂದು ಮೊಳೆಗಾಗಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ನಾನು ಕಣ್ಣು ಮುಚ್ಚಿ ದೇವರನ್ನು ಕೇಳಿದೆ. ನಿಜವಾಗಿಯೂ ಕೇಳಿದೆ, ಅಕ್ಕ. ಹುಡುಗ ಮನೆಗೆ ಹೋಗಿದ್ದಾನೆ ಅಂತ ಒಳಗಿನಿಂದ ಹೇಳಿದ ಹಾಗಾಯಿತು. ಮನಸ್ಸು ತಣ್ಣಗಾಯಿತು. ಆ ಸಮಾಧಾನವನ್ನು ನಂಬಿ ಖಾನೆಯಿಂದ ಇನ್ನೊಂದು ಬಿಲ್ಲೆ ತೆಗೆದು ತೂಗುಹಾಕಿದೆ. ಹೊರಗೆ ಬಂದು "ಪೂರ್ತಿ ಇದೆ" ಅಂದೆ.

ಈಗ ನಿನಗೆ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಿಲ್ಲ.

ಹೇಳಬಾರದು ಅಂತ ನನ್ನ ಮನಸ್ಸಿನಲ್ಲಿಲ್ಲ. ಅಕ್ಟೋಬರಿನಲ್ಲಿ ಬಾಯಿ ತೆಗೆಯುತ್ತಾರೆ. ಅವನ ಬಿಲ್ಲೆ ಅವನ ಜೇಬಿನಲ್ಲೇ ಇರುತ್ತದೆ, ಎಲ್ಲರೂ ನೋಡುತ್ತಾರೆ. ಅವನು ಕಳ್ಳನಲ್ಲ ಅಂತ ತಾನಾಗೇ ಗೊತ್ತಾಗುತ್ತದೆ. ದೇವರೇ ಒಂದು ದಿನ ಗೊತ್ತುಮಾಡಿರುವಾಗ ನಾನು ಅವಸರ ಮಾಡುವುದು ಅಹಂಕಾರವಲ್ಲವಾ? ಅವನ ಸಮಯಕ್ಕೆ ಕಾಯುತ್ತಿದ್ದೇನೆ. ನನಗೂ ಸುಖವಿಲ್ಲ, ಅನ್ನ ಸೇರುವುದಿಲ್ಲ.

ನಿನ್ನ ತಮ್ಮ

*

ಜೂನ್ 29

ತಮ್ಮ,

ಕೋಪ ಇಳಿಯಲಿ ಅಂತ ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಳಿದಿಲ್ಲ.

ತಪ್ಪು ಮಾಡಿದ್ದಕ್ಕೆ ನಾನು ಬೈಯುವುದಿಲ್ಲ. ಬೆಂಕಿ, ಹೊಗೆ, ಕೂಗಾಟ, ಆ ಹೊತ್ತಿನಲ್ಲಿ ಯಾರ ಕೈಯಾದರೂ ತಪ್ಪೀತು. ನಿನ್ನನ್ನು ನೆನೆಸಿಕೊಂಡು ಅತ್ತಿದ್ದೇನೆ ಕಣೋ. ಆದರೆ ನೀನು ಮಾಡಿದ್ದನ್ನು ದೇವರ ತಲೆಗೆ ಕಟ್ಟಿದ್ದೀಯಲ್ಲ, ಅದು ನನಗೆ ಸಹಿಸಲಾಗುತ್ತಿಲ್ಲ. ನಿನಗೆ ಆ ಕೂಗಾಟ ನಿಲ್ಲಬೇಕಿತ್ತು. ನಿಂತ ಕೂಡಲೇ ಮನಸ್ಸು ತಣ್ಣಗಾಯಿತು. ಅದಕ್ಕೆ ದೇವರು ಯಾಕೆ ಬೇಕು?

ಕಾಯುತ್ತಿದ್ದೇನೆ ಅನ್ನುತ್ತೀಯ. ಕಾಯುವುದು ಅಂದರೆ ಏನು ಅಂತ ಈ ಹಾಸಿಗೆಯಲ್ಲಿ ಮಲಗಿ ಒಂದಿಷ್ಟು ಕಲಿತಿದ್ದೇನೆ. ನಮ್ಮ ಕೈಯಲ್ಲಿ ಆಗುವುದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಉಳಿದದ್ದಕ್ಕೆ ಕಾಯಬೇಕು. ನರ್ಸಮ್ಮ ಹೇಳಿದ ವ್ಯಾಯಾಮ ಮಾಡದೆ ನಾನು ಕಾಲಿಗೆ ಕಾಯುತ್ತೇನೆ ಅಂದರೆ ನೀನೇ ನಗುತ್ತೀಯ. ನಿನ್ನ ಕೈಯಲ್ಲಿ ಆಗಬೇಕಾದ ಕೆಲಸ ಇದೆ. ಆ ತಾಯಿಯ ಮನೆ ಎಷ್ಟು ದೂರ? ಹತ್ತು ನಿಮಿಷದ ದಾರಿ ಅಂತ ಹಿಂದೊಮ್ಮೆ ನೀನೇ ಬರೆದಿದ್ದೆ.

ಹೋಗಿ ಹೇಳು. ಅಲ್ಲಿಯವರೆಗೆ ಆ ಹೆಂಗಸಿನ ಜೊತೆ ಕೂತು ಪ್ರಾರ್ಥನೆ ಮಾಡಬೇಡ. ನಿನಗೆ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಅಕ್ಕ

*

ಸೆಪ್ಟೆಂಬರ್ 12

ಅಕ್ಕ,

ನಿನ್ನ ಮೇಲೆ ಸಿಟ್ಟು ಬಂದಿತ್ತು. ಅದಕ್ಕೇ ಬರೆಯಲಿಲ್ಲ. ಮಲಗಿದಲ್ಲಿಂದ ಬುದ್ಧಿ ಹೇಳುವುದು ಸುಲಭ ಅಂದುಕೊಂಡೆ. ಈಗ ಅದನ್ನು ಬರೆಯಲೂ ನಾಚಿಕೆಯಾಗುತ್ತಿದೆ.

ಸೋಮವಾರ ಬೆಳಿಗ್ಗೆ ಇಂಜಿನಿಯರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದರು. ಒಳಗೆ ಬೆಂಕಿ ಇನ್ನೂ ಸತ್ತಿಲ್ಲವಂತೆ. ಇನ್ನು ಬಾಯಿ ತೆಗೆಯುವುದೇ ಇಲ್ಲ. ಕಾಲುವೆಯಿಂದ ಪೈಪ್ ಎಳೆದು ನೀರು ತುಂಬಿಸುತ್ತಾರೆ. ಆ ಗಣಿ ಅಲ್ಲಿಗೆ ಮುಗಿಯಿತು.

ಕೇಳಿದ ಕೂಡಲೇ ನನ್ನ ಮೈ ಹಗುರಾಯಿತು. ಏಳು ತಿಂಗಳಿಂದ ಎದೆಯ ಮೇಲೆ ಕೂತಿದ್ದು ಎದ್ದುಹೋಯಿತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅಂತ ಅರ್ಥವಾಯಿತು. ತುಟಿ ತಾನಾಗೇ ಅಲ್ಲಾಡಿ, "ದೇವರೇ, ದೊಡ್ಡವನು ನೀನು" ಅಂದೆ. ಪಕ್ಕದಲ್ಲಿದ್ದ, ಗಣಿಯ ನೀರೆತ್ತುವ ಪಂಪಿನವನು ತಿರುಗಿ ನೋಡಿದ. ಹುಡುಗನಿಗಾಗಿ ಬೇಡಿಕೊಳ್ಳುತ್ತಿದ್ದೇನೆ ಅಂದುಕೊಂಡು ಅವನೂ ತಲೆ ಬಗ್ಗಿಸಿದ.

ಆಗ ನನಗೆ ನಾನು ಏನು ಹೇಳಿದೆ ಅನ್ನುವುದು ತಿಳಿಯಿತು. ಒಂದು ಹೆಣ ನೀರಿನಲ್ಲಿ ಮುಳುಗಿ ಹೋಗುವುದಕ್ಕೆ ನಾನು ದೇವರಿಗೆ ಕೃತಜ್ಞತೆ ಹೇಳಿದ್ದೆ. ಇಷ್ಟು ದಿನ ಅವನ ಸಮಯಕ್ಕೆ ಕಾಯುತ್ತಿದ್ದೇನೆ ಅಂದದ್ದೆಲ್ಲ ಇದಕ್ಕೇ ಕಾಯುತ್ತಿದ್ದದ್ದು.

ನಿನಗೂ ಹೇಳದ್ದು ಇನ್ನೊಂದಿದೆ. ಬೆಂಕಿ ಬಿದ್ದ ದಿನ ಸಂಜೆ ಆರು ಗಂಟೆಗೆ ಹೊಲಿಗೆಯಮ್ಮ ನನ್ನ ಕೋಣೆಗೆ ಬಂದಳು. ಬಾಯಿ ಮುಚ್ಚಿ ಮೂರು ಗಂಟೆಯಾಗಿತ್ತು. ಜೇಡಿಮಣ್ಣು ಇನ್ನೂ ಹಸಿಯಿತ್ತು. "ಅಣ್ಣ, ನನ್ನ ಮಗ ಮನೆಗೆ ಬಂದಿಲ್ಲ" ಅಂದಳು. ಅವಳ ಮಾತು ಮುಗಿಯುವ ಮೊದಲೇ ನನಗೆ ಎಲ್ಲ ಗೊತ್ತಾಯಿತು. ಬಿಲ್ಲೆ ಹಾಕಿದ್ದು ನಾನು ಅಂತ ಆಗಲೇ ಕೂಗಿದ್ದರೆ ಗೋಡೆ ಒಡೆಯುತ್ತಿದ್ದರೋ ಇಲ್ಲವೋ, ಅವನು ಸಿಗುತ್ತಿದ್ದನೋ ಇಲ್ಲವೋ. ನಾನು ಹಲಗೆ ತೋರಿಸಿದೆ. "ಬಿಲ್ಲೆ ಇದೆಯಲ್ಲ ತಂಗಿ, ಎಲ್ಲೋ ಹೋಗಿರ್ತಾನೆ, ಪ್ರಾರ್ಥನೆ ಮಾಡು" ಅಂದೆ.

ಪೈಪ್ ಎಳೆಯುವುದು ಶುರುವಾಗಿದೆ.

ತಮ್ಮ

*

ಸೆಪ್ಟೆಂಬರ್ 20

ತಮ್ಮ,

ಈ ವಾರ ಪೆನ್ಸಿಲ್ ಹಿಡಿಯಲಾಗುತ್ತಿಲ್ಲ, ನರ್ಸಮ್ಮನ ಹತ್ತಿರ ಬರೆಸುತ್ತಿದ್ದೇನೆ. ಅದಕ್ಕೇ ಜಾಸ್ತಿ ಹೇಳುವುದಿಲ್ಲ.

ಸಂಜೆ ಆರು ಗಂಟೆಯ ಮಾತು ಓದಿ ಕಾಗದ ಮಡಿಚಿಟ್ಟೆ. ಎಷ್ಟೋ ಹೊತ್ತು ನಿನ್ನ ಅಕ್ಕನಾಗಿರುವುದು ಬೇಡವೆನಿಸಿತು. ಆಮೇಲೆ ಮತ್ತೆ ಅಕ್ಕನೇ ಆದೆ, ಏನು ಮಾಡಲಿ.

ಈಗ ನಿನ್ನನ್ನು ಯಾರೂ ಹಿಡಿಯುವುದಿಲ್ಲ. ಇಷ್ಟು ದಿನ ಹೇಳಿದ್ದರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆಯೂ ಅದರಲ್ಲಿ ಸೇರಿರುತ್ತಿತ್ತು. ಇವತ್ತು ಹೇಳಿದರೆ ನೀನಾಗಿ ಹೇಳಿದ ಹಾಗೆ. ಹೋಗುವ ಮುಂಚೆ ದೇವರನ್ನು ಕೇಳಲು ಕೂರಬೇಡ, ಎದ್ದು ಹೋಗು.

ಅಕ್ಕ

*

ಅಕ್ಟೋಬರ್ 5

ಅಕ್ಕ,

ಹೇಳಿದೆ.

ಅವಳ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ. ಯಾರೂ ಬಟ್ಟೆ ಕೊಡದಿದ್ದರೂ ಯಂತ್ರಕ್ಕೆ ಎಣ್ಣೆ ಹಾಕಿ ಒರೆಸುತ್ತಿದ್ದಳು. "ಬನ್ನಿ ಅಣ್ಣ" ಅಂದು ನೀರು ತಂದುಕೊಟ್ಟಳು. ನಾನು ಲೋಟ ಮುಟ್ಟದೆ, ನಿಂತುಕೊಂಡೇ ಹೇಳಿದೆ. ಖಾನೆಯ ಬಿಲ್ಲೆ, ಅದನ್ನು ದೇವರ ಮಾತು ಅಂತ ನಂಬಿ ಹಾಕಿದ್ದು, ಪೂರ್ತಿ ಇದೆ ಅಂದದ್ದು, ಸಂಜೆ ಆರು ಗಂಟೆಗೆ ಅವಳು ಬಂದಾಗ ನನಗೆ ಗೊತ್ತಾದದ್ದು, ಯಾವುದನ್ನೂ ಬಿಡಲಿಲ್ಲ.

ಅವಳು ಅಳಲಿಲ್ಲ. ಎಣ್ಣೆಯ ಬಟ್ಟೆಯನ್ನು ಮಡಿಚಿ ಮಡಿಚಿ ಅಂಗೈಯಗಲ ಮಾಡಿದಳು.

"ನನ್ನ ಮಗ ಕದಿಯೋಕೆ ಹೋಗಿರಲಿಲ್ಲ" ಅಂದಳು.

"ಇಲ್ಲಮ್ಮ. ಅವನು ಮೇಲೆ ಬಂದೇ ಇರಲಿಲ್ಲ."

"ಬಾಯಿ ಮುಚ್ಚುವಾಗ ಅವನು ಬದುಕಿದ್ದನಾ?"

"ಗೊತ್ತಿಲ್ಲ."

"ದೇವರನ್ನು ಕೇಳಿ ಹೇಳಿ. ನಿಮಗೆ ಹೇಳ್ತಾನಲ್ಲ."

"ಅವನು ನನಗೆ ಏನೂ ಹೇಳಿರಲಿಲ್ಲಮ್ಮ. ಅವತ್ತು ಮಾತಾಡಿದ್ದು ನಾನೇ."

ಅವಳು ಸ್ಟೂಲಿನ ಮೇಲೆ ಕೂತಳು. "ಏಳು ತಿಂಗಳು ಈ ಮನೆಗೆ ಬಂದ್ರಿ. ಇಲ್ಲೇ ಕೂತು ನನಗೆ ತಾಳ್ಮೆ ಹೇಳಿಕೊಟ್ರಿ. ಮಗನನ್ನು ಯಾಕೆ ಹಾಗೆ ಬೆಳೆಸಿದೆ ಅಂತ ನಾನು ನನ್ನನ್ನೇ ಬೈದುಕೊಂಡು ಅಳ್ತಿದ್ದೆ. ನೀವು ನೋಡ್ತಾ ಕೂತಿದ್ರಿ" ಅಂದಳು. ಆಮೇಲೆ ಅಣ್ಣ ಅನ್ನಲಿಲ್ಲ.

ಕ್ಷಮಿಸು ಅಂತ ನಾನು ಕೇಳಲಿಲ್ಲ, ಅಕ್ಕ. ಅವಳ ಮುಂದೆ ಅದನ್ನು ಕೇಳುವುದೂ ಒಂದು ಭಿಕ್ಷೆಯ ಹಾಗೆ ಕಂಡಿತು.

"ಎಲ್ಲರ ಮುಂದೆ ಹೇಳಿ" ಅಂದಳು. "ಈ ಬೀದಿಯಲ್ಲಿ ಅವನನ್ನು ಕಳ್ಳ ಅಂದ ಒಂದೊಂದು ಕಿವಿಗೂ ಕೇಳಿಸಬೇಕು."

ಮಾರನೆಯ ದಿನ ಮೊದಲು ಇಂಜಿನಿಯರ್ ಹತ್ತಿರ ಹೋದೆ. ಅವರು ಬಾಗಿಲು ಹಾಕಿಕೊಂಡು ಕೇಳಿದರು. "ಮುಚ್ಚಿಹೋದದ್ದನ್ನು ಈಗ ಯಾಕೆ ಕೆದಕ್ತೀರಿ? ನಿಮ್ಮ ವಯಸ್ಸೇನು, ಇಷ್ಟು ವರ್ಷ ಗಳಿಸಿದ ಹೆಸರೇನು? ಸತ್ತವನು ತಿರುಗಿ ಬರ್ತಾನಾ?" ಅಂದರು. ಒಂದು ಗಳಿಗೆ ಅವರ ಮಾತು ಹಿತವಾಗಿಯೇ ಕೇಳಿಸಿತು, ನಿನ್ನ ಹತ್ತಿರ ಸುಳ್ಳು ಯಾಕೆ. ಕಾಗದದಲ್ಲಿ ಬರೆದು ಸಹಿ ಹಾಕಿ ಅವರ ಮೇಜಿನ ಮೇಲಿಟ್ಟು ಎದ್ದೆ.

ಎರಡು ಗಂಟೆಗೆ ಪಾಳಿ ಬದಲಾಗುವಾಗ ಅಂಗಳದಲ್ಲಿ ಕಲ್ಲಿನ ಮೇಲೆ ಹತ್ತಿ ನಿಂತೆ. ಪ್ರಾರ್ಥನೆ ಹೇಳಿಕೊಡುತ್ತೇನೆ ಅಂದುಕೊಂಡು ಕೆಲವರು ಟೋಪಿ ತೆಗೆದರು. ನನ್ನನ್ನು ಅವರು ದೇವರ ಗುಮಾಸ್ತ ಅಂತ ಕರೆಯುತ್ತಿದ್ದರು. ಆ ಹೆಸರು ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ. ನಡೆದದ್ದೆಲ್ಲ ಹೇಳಿ ಮುಗಿಸಿದೆ. ಪಂಪಿನವನು ಹತ್ತಿರ ಬಂದು ನನ್ನ ಕಾಲ ಬಳಿ ಉಗುಳಿ ಹೋದ. ಅವನೂ ಮರೆಗುಳಿಯೂ ಒಂದೇ ಗುಂಪಿನಲ್ಲಿ ಕೆಲಸ ಮಾಡುತ್ತಿದ್ದವರು. ಮೇಸ್ತ್ರಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಇಟ್ಟಿಗೆ ಇಟ್ಟ ಕೈ ಅವನದು.

ದೀಪದ ಕೋಣೆಯ ಬೀಗದ ಕೈ ಇಸಿದುಕೊಂಡರು. ವಿಚಾರಣೆಗೆ ಕರೆದಾಗ ಬರಬೇಕಂತೆ. ಬರುತ್ತೇನೆ ಅಂದೆ.

ತಮ್ಮ

*

ಅಕ್ಟೋಬರ್ 16

ತಮ್ಮ,

ಇದನ್ನು ನಾನೇ ಬರೆಯುತ್ತಿದ್ದೇನೆ. ನಾಲ್ಕು ಸಾಲಿಗೆ ಅರ್ಧ ದಿನ ಹಿಡಿಯಿತು.

ಶಹಬ್ಬಾಸ್ ಅನ್ನುತ್ತೇನೆ ಅಂತ ಕಾಯಬೇಡ. ಹೊಟ್ಟೆಗೆ ಏನು ತಿನ್ನುತ್ತಿದ್ದೀಯ, ಎಲ್ಲಿ ಮಲಗುತ್ತಿದ್ದೀಯ ಬರಿ. ಇಲ್ಲಿಗೆ ಬಂದುಬಿಡು ಅನ್ನುವ ಆಸೆ ಇದೆ. ಆದರೂ ಬಾ ಅನ್ನುವುದಿಲ್ಲ. ಅವಳಿಗೆ ಏನಾದರೂ ಕೇಳಬೇಕೆನಿಸಿದ ದಿನ ನೀನು ಅಲ್ಲಿ ಸಿಗಬೇಕು.

ಅಕ್ಕ

*

ನವೆಂಬರ್ 28

ಅಕ್ಕ,

ಊಟ ಮಾಡುತ್ತಿದ್ದೇನೆ. ಗಣಿಯವರು ಕೊಟ್ಟಿದ್ದ ಮನೆ ಬಿಡಿಸಿದರು. ಬಡಗಿಯ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೇನೆ, ಮರದ ಹೊಟ್ಟು ಗುಡಿಸಿ ಮೂಟೆ ಕಟ್ಟುವ ಕೆಲಸ. ಬಡಗಿ ಮಾತು ಕಡಿಮೆ, ನನಗೂ ಅದೇ ಬೇಕು. ವಿಚಾರಣೆ ಎರಡು ಸಲ ಆಯಿತು. ಹುಡುಗನದು ತಪ್ಪಿಲ್ಲ ಅಂತ ಬರೆದ ಕಾಗದವನ್ನು ಗೇಟಿಗೆ ಅಂಟಿಸಿದ್ದಾರೆ. ನನ್ನನ್ನು ಏನು ಮಾಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.

ಹೊಲಿಗೆಯಮ್ಮನ ಮನೆಗೆ ಬಟ್ಟೆ ಬರುತ್ತಿದೆ. ಮೇಸ್ತ್ರಿಯ ಹೆಂಡತಿಯೇ ಮೊದಲು ತಲೆ ತಗ್ಗಿಸಿಕೊಂಡು ಹೋಗಿ ಕೊಟ್ಟಳಂತೆ. ರಸ್ತೆಯಲ್ಲಿ ಹೋಗುವಾಗ ಯಂತ್ರದ ಸದ್ದು ಕೇಳುತ್ತದೆ. ನಾನು ಎದುರು ಬದಿಯಲ್ಲಿ ನಡೆಯುತ್ತೇನೆ.

ಹೋದ ವಾರ ಅವಳೇ ಬಡಗಿಯ ಅಂಗಡಿಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲ ಹೊರಗೇ ನಿಂತಳು. ನಾನು ಪೊರಕೆ ಹಿಡಿದುಕೊಂಡೇ ಎದ್ದು ಹೋದೆ. ಮಗನ ಬಗ್ಗೆ ಕೇಳುತ್ತಾಳೆ, ಬೈಯುತ್ತಾಳೆ, ಎರಡಕ್ಕೂ ತಯಾರಾಗಿದ್ದೆ.

"ಒಂದು ಮಾತು ಕೇಳಬೇಕಿತ್ತು" ಅಂದಳು. "ನೀವು ಈಗಲೂ ನನ್ನ ಮಗನಿಗೋಸ್ಕರ ಪ್ರಾರ್ಥನೆ ಮಾಡ್ತೀರಾ?"

"ಮಾಡ್ತೀನಮ್ಮ. ದಿನಾ."

"ಬಿಡಿ ಅದನ್ನ. ನನ್ನ ಮಗನ ಹೆಸರು ನಿಮ್ಮ ಬಾಯಿಂದ ದೇವರ ಹತ್ತಿರ ಹೋಗೋದು ಬೇಡ. ನನ್ನ ಹೆಸರೂ ಬೇಡ. ದೇವರ ಹತ್ತಿರ ಹೇಳೋದಿದ್ರೆ ನಾನೇ ಹೇಳ್ಕೋತೀನಿ."

ಆಗಲಿ ಅಂದೆ. ಅವಳು ಹೋದಳು. ಬಡಗಿ ಮರ ನುಣುಪು ಮಾಡುವ ರಂದ ಹಾಕುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ ಮತ್ತೆ ಕೆಲಸ ಶುರುಮಾಡಿದ.

ಅಕ್ಕ, ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ. ಕೆಲಸ ಹೋದಾಗ, ಮನೆ ಹೋದಾಗ, ಅವನಿಗೋಸ್ಕರ ಬೇಡಿಕೊಳ್ಳುವುದಾದರೂ ಇದೆಯಲ್ಲ ಅಂದುಕೊಂಡಿದ್ದೆ. ಅದರಲ್ಲೂ ನನಗೆ ಒಂದು ಸುಖ ಸಿಗುತ್ತಿತ್ತು, ಅದು ಅವಳಿಗೆ ಹೇಗೆ ಗೊತ್ತಾಯಿತೋ. ಅದನ್ನೂ ಅವಳಿಗೆ ಬಿಟ್ಟುಕೊಟ್ಟೆ. ಇದಕ್ಕಿಂತ ಕಷ್ಟದ್ದನ್ನು ನಾನು ಯಾರಿಗೂ ಕೊಟ್ಟಿಲ್ಲ.

ಅವತ್ತು ಸಂಜೆ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಕೂತೆ. ಅವನ ಹೆಸರು ಹೇಳುವ ಹಾಗಿಲ್ಲ. ಅವಳದು ಹೇಳುವ ಹಾಗಿಲ್ಲ. ನನಗೋಸ್ಕರ ಏನಾದರೂ ಕೇಳಲು ಮನಸ್ಸು ಬರಲಿಲ್ಲ. ಕ್ಷಮಿಸಿದೆಯಾ ಅಂತ ಕೇಳಿದರೆ ಹೌದು ಅನ್ನುವ ದನಿ ನನ್ನ ಒಳಗಿನಿಂದಲೇ ಏಳುತ್ತದೆ ಅಂತ ಹೆದರಿಕೆ. ಬಹಳ ಹೊತ್ತು ಹಾಗೇ ಕೂತಿದ್ದೆ. ಮೊಣಕಾಲು ನೋಯತೊಡಗಿತು. ಅಲ್ಲಿಂದ ಏಳಬೇಕು ಅಂತ ಮಾತ್ರ ಅನ್ನಿಸಲಿಲ್ಲ, ಹೋಗಲು ಬೇರೆ ಜಾಗವೂ ಇಲ್ಲ. ದೇವರು ಇದ್ದಾನೆ ಅಂತ ನಂಬಿದ್ದೇನೆ. ಅವತ್ತಿನಿಂದ ದಿನವೂ ಹೀಗೇ ಕೂರುತ್ತೇನೆ.

ಅವನು ಏನೂ ಹೇಳುವುದಿಲ್ಲ. ನಾನೂ ಅವನ ಪರವಾಗಿ ಏನೂ ಹೇಳಿಕೊಳ್ಳುವುದಿಲ್ಲ.

ನಿನ್ನ ತಮ್ಮ